ಆಶ್ರಮದಲ್ಲಿ ಅತ್ತೆ ಪಕ್ಕದ ಮಂಚದ ಅಜ್ಜಿಗೆ ಉಣಿಸುವುದನ್ನು ನಿಲ್ಲಿಸಿಬಿಟ್ಟೆ. ತಪ್ಪು ಮಾಡಿದ್ನಾ?

ತುಂಗಾತೀರ
ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಸೋದರತ್ತೆಗೆ 72 ವರ್ಷ. ಮಕ್ಕಳಿಲ್ಲ. ಮಾವ ಹೋಗಿ ಒಂಬತ್ತು ವರ್ಷ ಆಯಿತು. ಮೂರು ವರ್ಷದಿಂದ ಶಿವಮೊಗ್ಗ ಕಡೆಯ ಒಂದು ಟ್ರಸ್ಟಿನ ಉಚಿತ ವೃದ್ಧಾಶ್ರಮದಲ್ಲಿದ್ದಾರೆ. ಹೆಸರು ಹೇಳುವುದಿಲ್ಲ, ಜಾಗ ಒಳ್ಳೆಯದೇ. 34 ಜನ ಇದ್ದಾರೆ. ಹಗಲು ಇಬ್ಬರು ಆಯಾ, ರಾತ್ರಿ ಒಬ್ಬರು.

ಪಕ್ಕದ ಮಂಚದ ಅಜ್ಜಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತೂ ಇಲ್ಲ. 'ಹೂಂ', 'ಬಾ', ಎರಡು ಸದ್ದು ಅಷ್ಟೇ. ಅವರಿಗೆ ಮೂರು ಹೊತ್ತೂ ಉಣಿಸುತ್ತಿದ್ದದ್ದು ನಮ್ಮತ್ತೆ. ತಲೆ ಬಾಚುವುದು, ರಾತ್ರಿ ಎದ್ದು ಮಗ್ಗುಲು ಬದಲಾಯಿಸುವುದು, ಎಲ್ಲ ಅತ್ತೆಯೇ. ಹೋದ ತಿಂಗಳು ನಾನು ಹೋದಾಗ ಸೊಂಟ ಹಿಡಿದುಕೊಂಡು ಗೋಡೆ ಆಸರೆಯಲ್ಲಿ ನಡೆಯುತ್ತಿದ್ದರು. ನನಗೆ ತಲೆ ಕೆಟ್ಟಿತು. ಮ್ಯಾನೇಜರ್ ಹತ್ತಿರ ಹೋಗಿ "ನಮ್ಮತ್ತೆ ಇಲ್ಲಿ ಇರೋಕೆ ಬಂದಿದ್ದಾರೋ, ಚಾಕರಿಗೆ ಬಂದಿದ್ದಾರೋ" ಅಂತ ಕೂಗಾಡಿಬಿಟ್ಟೆ.

ಎರಡೇ ದಿನಕ್ಕೆ ಊಟದ ಹಾಲ್‌ನಲ್ಲಿ ಚೀಟಿ ಅಂಟಿಸಿದರು. ಒಬ್ಬರು ಇನ್ನೊಬ್ಬರಿಗೆ ಉಣಿಸುವಂತಿಲ್ಲ, ಎತ್ತುವಂತಿಲ್ಲ. ಆ ಅಜ್ಜಿಯನ್ನು ಕೊನೆಯ ಕೋಣೆಗೆ ಸಾಗಿಸಿದರು. ಈಗ ಅವರು ಆಯಾ ಕೊಟ್ಟರೆ ಬಾಯಿ ತೆಗೆಯುತ್ತಿಲ್ಲವಂತೆ. ನಮ್ಮತ್ತೆ ನನ್ನ ಫೋನ್ ಎತ್ತುತ್ತಿಲ್ಲ.

ನಾನು ಮಾಡಿದ್ದು ತಪ್ಪಾ?

ಬೆಣ್ಣೆದೋಸೆ
ತಪ್ಪು. ಮುಂದಿನ ಪ್ರಶ್ನೆ?

ಹಳೇಪೇಟೆ
ಏನೂ ತಪ್ಪಿಲ್ಲ ಗುರು. 72 ವರ್ಷದವರು ರಾತ್ರಿ ಎದ್ದು ಇನ್ನೊಬ್ಬರ ಮಗ್ಗುಲು ಬದಲಾಯಿಸುತ್ತಾರೆ ಅಂದರೆ ಅದು ಪ್ರೀತಿ ಅಲ್ಲ, ಸಂಬಳ ಉಳಿಸುವ ದಾರಿ. ಹೊರಗಿನಿಂದ ಬಂದವರು "ಎಷ್ಟು ಅನ್ಯೋನ್ಯವಾಗಿದ್ದಾರೆ ನೋಡಿ" ಅಂತ ಕಣ್ಣು ಒರೆಸಿಕೊಳ್ಳುತ್ತಾರೆ. ರಾತ್ರಿಗೆ 34 ಜನಕ್ಕೆ ಒಬ್ಬಳೇ ಆಯಾ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕುಂದಾಪ್ರದವ
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯ್ತು. ನೀವು ಆಯಾ ಜಾಸ್ತಿ ಮಾಡಿ ಅಂದಿರಿ. ಅವರು ಉಣಿಸೋರನ್ನೇ ಕಮ್ಮಿ ಮಾಡಿದರು.

ನರ್ಸಕ್ಕ
22 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಎರಡು ವಿಷಯ ಬೇರೆ ಮಾಡಿ ನೋಡಿ. ಎತ್ತುವುದು ಬೇರೆ, ಉಣಿಸುವುದು ಬೇರೆ.

ಎತ್ತುವುದು ಅತ್ತೆ ಮಾಡಲೇಬಾರದು. ಸೊಂಟಕ್ಕಷ್ಟೇ ಅಲ್ಲ, ಆ ಅಜ್ಜಿಗೂ ಕೆಟ್ಟದ್ದು. ಲಕ್ವ ಹೊಡೆದ ಕಡೆಯ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಅಡಿಗೆ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಸರಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನು, ಸೊಂಟದ ಕೆಳಗೆ ಹುಣ್ಣಾಗುತ್ತದೆ. ಅದು ಆಯಾ ಕೆಲಸ, ಆಶ್ರಮದ ಜವಾಬ್ದಾರಿ.

ಉಣಿಸುವುದು ಯಾರು ಬೇಕಾದರೂ ಮಾಡುವ ಕೆಲಸ ಅಂತ ಮಾತ್ರ ತಿಳಿಯಬೇಡಿ. ಗೊತ್ತಿದ್ದವರು ಮಾಡಬೇಕು, ಪುರುಸೊತ್ತಾಗಿ ಮಾಡಬೇಕು. ನೇರ ಕೂರಿಸಬೇಕು, ಗದ್ದ ಸ್ವಲ್ಪ ಕೆಳಗೆ ಇರಬೇಕು. ಸಣ್ಣ ಚಮಚ. ತುತ್ತು ಸರಿಯಿರುವ ಕಡೆಯ ದವಡೆಗೆ. ಒಂದು ತುತ್ತು ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನೊಂದು. ಬಿದ್ದುಹೋದ ಕಡೆಯ ಕೆನ್ನೆಯಲ್ಲಿ ಅನ್ನ ಉಳಿದುಬಿಡುತ್ತದೆ, ಕೊನೆಗೆ ನೋಡಬೇಕು. ಇಂಥವರಿಗೆ ಗಂಜಿಗಿಂತ ಬರೀ ನೀರು ಅಪಾಯ. ತೆಳ್ಳಗಿರುವುದು ಶ್ವಾಸನಾಳಕ್ಕೆ ಬೇಗ ಜಾರುತ್ತದೆ, ನ್ಯುಮೋನಿಯಾ ಆಗುತ್ತದೆ. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬಾರದು.

ಒಬ್ಬ ಆಯಾಗೆ ಹದಿನೇಳು ತಟ್ಟೆ ಇದ್ದರೆ ಈ ಅಜ್ಜಿಗೆ ಮುಕ್ಕಾಲು ಗಂಟೆ ಎಲ್ಲಿಂದ ತರುತ್ತಾಳೆ? ಬಾಯಿ ತೆಗೆಯುತ್ತಿಲ್ಲ ಅನ್ನುವುದು ಹಟ ಇರಲಿಕ್ಕಿಲ್ಲ. ಗಡಿಬಿಡಿಯಲ್ಲಿ ತುರುಕಿರುತ್ತಾರೆ, ಒಮ್ಮೆ ಗಂಟಲು ಹಿಡಿದಿರುತ್ತದೆ, ಭಯ ಬಿದ್ದಿರುತ್ತಾರೆ.

ತುಂಗಾತೀರ
ನರ್ಸಕ್ಕ, ಥ್ಯಾಂಕ್ಸ್. ನಮ್ಮತ್ತೆ ಗಂಜಿಗೆ ರಾಗಿ ಹಿಟ್ಟು ಹಾಕಿ ಗಟ್ಟಿ ಮಾಡಿ ಉಪ್ಪಿನ ಡಬ್ಬಿಯ ಚಮಚದಲ್ಲಿ ಕೊಡುತ್ತಿದ್ದರು. ಆ ಚಮಚ ನೋಡಿ ನಾನು ನಕ್ಕಿದ್ದೆ, "ಹೀಗೆ ಕೊಟ್ಟರೆ ನಾಳೆ ಬೆಳಗ್ಗೆ ಮುಗಿಯುತ್ತದೆ" ಅಂತ.

ನರ್ಸಕ್ಕ
ಅವರಿಗೆ ಯಾರೂ ಹೇಳಿಕೊಡದೆ ಗೊತ್ತಾಗಿದೆ ನೋಡಿ.

ಶೆಟ್ರಂಗಡಿ
ಟ್ರಸ್ಟಿನವರ ಪರವಾಗಿ ಒಂದು ಮಾತು. ನಮ್ಮ ತಂದೆ ಇಂಥದ್ದೇ ಒಂದು ಆಶ್ರಮದ ಲೆಕ್ಕ ಬರೆಯುತ್ತಿದ್ದರು. ಊಟಕ್ಕೆ ದಾನಿಗಳು ಸಾಲು ನಿಲ್ಲುತ್ತಾರೆ. ಹುಟ್ಟುಹಬ್ಬ, ತಿಥಿ, ಮದುವೆ ವಾರ್ಷಿಕೋತ್ಸವ. ಶನಿವಾರ ಒಂದೇ ದಿನ ಮೂರು ಕಡೆಯಿಂದ ಬಾಳೆಹಣ್ಣು. ಆಯಾ ಸಂಬಳ ಕೊಡುತ್ತೇನೆ ಅಂತ ಬಂದವರನ್ನು ನಮ್ಮ ತಂದೆ ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ನೋಡಲಿಲ್ಲ. ಸಂಬಳದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳೋಕಾಗಲ್ವಲ್ಲ.

ಬೆಣ್ಣೆದೋಸೆ
ಬಾಳೆಹಣ್ಣಿನ ವಿಷಯ ನೂರಕ್ಕೆ ನೂರು ನಿಜ. ಜೊತೆಗೆ ಕೇಕು. ಅರ್ಧ ಜನಕ್ಕೆ ಶುಗರ್ ಇರುವ ಮನೆಗೆ ಎರಡು ಕೆಜಿ ಕೇಕು.

ನ್ಯೂಜೆರ್ಸಿ ಕನ್ನಡಿಗ
ನಮ್ಮ ಅಪ್ಪ ಅಮ್ಮ ಬೆಂಗಳೂರಲ್ಲಿ ಒಂದು ಪೇಯ್ಡ್ ಹೋಮ್‌ನಲ್ಲಿದ್ದಾರೆ. ಅಲ್ಲಿ ಈ ಸಮಸ್ಯೆ ಇಲ್ಲ. ಪ್ರತಿಯೊಬ್ಬರಿಗೂ ಕೇರ್‌ಟೇಕರ್ ಇದ್ದಾರೆ. ಬೇರೆಯವರನ್ನು ನೋಡಿಕೊಳ್ಳುವ ಅಗತ್ಯವೇ ಬರುವುದಿಲ್ಲ.

ಕುಂದಾಪ್ರದವ
ಪಕ್ಕದ ರೂಮಿನವರ ಹೆಸರು ಗೊತ್ತಾ ನಿಮ್ಮ ಅಮ್ಮನಿಗೆ? ಕೊಂಕಲ್ಲ ಮಾರಾಯ್ರೆ, ಸುಮ್ನೆ ಕೇಳಿದೆ.

ನ್ಯೂಜೆರ್ಸಿ ಕನ್ನಡಿಗ
ಕೊಂಕೇ ಅದು. ಇರಲಿ. ಇವತ್ತು ಫೋನಲ್ಲಿ ಕೇಳಿದೆ. "203ರ ಮೇಡಂ" ಅಂದರು.

ನಿವೃತ್ತ ಗುಮಾಸ್ತ
ತುಂಗಾತೀರ ಅವರೇ, ಸಿಟ್ಟಾಗಬೇಡಿ, ಒಂದು ಕೇಳುತ್ತೇನೆ. ಅತ್ತೆಗೆ ಆಸ್ತಿ ಏನಾದರೂ ಇದೆಯಾ? 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. ಅಲ್ಲ. ಮಕ್ಕಳಿಲ್ಲದ ಹಿರಿಯರನ್ನು ನೋಡಿಕೊಳ್ಳುವ ಹೊಣೆ ಅವರ ವಾರಸುದಾರರದ್ದು. ಅವರ ಆಸ್ತಿ ಈಗ ಯಾರ ಕೈಯಲ್ಲಿದೆಯೋ, ಅಥವಾ ಮುಂದೆ ಯಾರಿಗೆ ಹೋಗುತ್ತದೋ, ಆ ವಾರಸುದಾರರು. ನೀವೂ ಇರಬಹುದು!

ತುಂಗಾತೀರ
ನನಗೆ ಏನೂ ಬರುವುದಿಲ್ಲ ಸ್ವಾಮಿ. ಮುಕ್ಕಾಲು ಎಕರೆ ಅಡಿಕೆ ತೋಟ ಇತ್ತು, ಮಾವನದ್ದು. ಮಾವನ ತಮ್ಮನ ಮಕ್ಕಳು ಅನುಭವಿಸುತ್ತಿದ್ದಾರೆ. ಅತ್ತೆಗೆ ದೀಪಾವಳಿಗೆ ಒಂದು ಸೀರೆ ಕಳಿಸುತ್ತಾರೆ.

ನಿವೃತ್ತ ಗುಮಾಸ್ತ
ಹಾಗಾದರೆ ಜವಾಬ್ದಾರಿ ಅವರದ್ದು. ಉಪವಿಭಾಗಾಧಿಕಾರಿ ಅಂದರೆ ಎ.ಸಿ. ಅವರ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಸಾಕು, ವಕೀಲರ ಫೀಸಿನ ಚಿಂತೆ ಬೇಡ. ಆ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಅನುಮಾನ ಇದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಇನ್ನೊಂದು ತಮಾಷೆ ಕೇಳಿ. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಕನಿಷ್ಠ 150 ಬಡ ಹಿರಿಯರಿಗೆ ಅಂತಲೂ ಅದೇ ಕಾಯ್ದೆಯಲ್ಲಿದೆ. ಸರ್ಕಾರ 'ಮಾಡಬಹುದು' ಅಂತ ಇದೆ. 'ಮಾಡಲೇಬೇಕು' ಅಂತ ಇಲ್ಲ. ನಾನು ಕಚೇರಿಯಲ್ಲಿ ಕೂತು ಕಲಿತದ್ದು ಇಷ್ಟೇ, ಆ ಒಂದು ಪದದಲ್ಲಿ ಎಲ್ಲ ಹೋಗುತ್ತದೆ.

ತುಂಗಾತೀರ
ಅರ್ಜಿ ಹಾಕೋಣ ಅಂತ ಎರಡು ವರ್ಷದ ಹಿಂದೆಯೇ ಕೇಳಿದ್ದೆ. "ಆ ತೋಟದಲ್ಲಿ ನಿಮ್ಮ ಮಾವನ ಬೂದಿ ಇದೆ, ಕೋರ್ಟಿಗೆ ಎಳಿಬೇಡ" ಅಂದುಬಿಟ್ಟರು. ಸಂಧ್ಯಾ ಸುರಕ್ಷಾದ 1,200 ಬರುತ್ತದೆ. ಬೆರಳಚ್ಚು ಕೂತರೆ. ಪಾತ್ರೆ ತಿಕ್ಕಿ ತಿಕ್ಕಿ ಹೆಬ್ಬೆಟ್ಟು ಸವೆದಿದೆ, ಮೂರು ಸಲ ಒತ್ತಿಸಿ ನಾಲ್ಕನೇ ಸಲ ಮಷೀನ್ ಒಪ್ಪಿಕೊಳ್ಳುತ್ತದೆ.

ಮೈಸೂರ್ ಪಾಕ
ಎಲ್ಲರೂ ಆಶ್ರಮ ಅಂದರೆ ದೇವತೆಗಳ ಮನೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಾನು ಕಾಲೇಜಿನಲ್ಲಿದ್ದಾಗ ಎನ್‌ಎಸ್‌ಎಸ್ ಕಡೆಯಿಂದ ಒಂದು ಕಡೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಫ್ಯಾನ್ ಸ್ವಿಚ್ಚಿಗೆ ಜಗಳ, ಧಾರಾವಾಹಿಗೆ ಜಗಳ, ಕಿಟಕಿಗೆ ಜಗಳ. ಒಬ್ಬ ಅಜ್ಜಿ ಎಲ್ಲರ ಸೋಪು ಕದಿಯುತ್ತಿದ್ದರು. ಇಡೀ ಸೋಪಲ್ಲ, ಸವೆದು ಚೂರಾದದ್ದು. ಬೈಗುಳ ತಿನ್ನುತ್ತಲೇ ಇದ್ದರು. ಆಮೇಲೆ ಗೊತ್ತಾಯಿತು, ಆ ಚೂರನ್ನೆಲ್ಲ ಒದ್ದೆ ಮಾಡಿ ಒತ್ತಿ ಉಂಡೆ ಕಟ್ಟುತ್ತಿದ್ದರು. ಹೊಸದಾಗಿ ಯಾರಾದರೂ ಬಂದರೆ ಆ ಉಂಡೆ ಅವರಿಗೆ. ಹಸಿರು, ಕೆಂಪು, ಬಿಳಿ ಎಲ್ಲ ಸೇರಿ ಗೋಲಿ ಥರ ಇರುತ್ತಿತ್ತು. ಬಂದ ದಿನ ಯಾರ ಹತ್ತಿರವೂ ಸೋಪು ಇರುವುದಿಲ್ಲವಲ್ಲ.

ಕದ್ದದ್ದು ಕದ್ದದ್ದೇ. ನಾನೇನೂ ವಹಿಸಿಕೊಂಡು ಮಾತಾಡುತ್ತಿಲ್ಲ.

ಹಳೇಪೇಟೆ
ಹೋಗಲಿ, ಜಾತಿ ವಿಷಯ ಯಾರೂ ಎತ್ತಲಿಲ್ಲ. ನಮ್ಮ ದೊಡ್ಡಮ್ಮ ಇದ್ದ ಕಡೆ ಒಬ್ಬರು ಇನ್ನೊಬ್ಬರ ಕೈಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಆದರೆ ದಿನಾ ಸಾಯಂಕಾಲ ಅವರ ಕೈಯಲ್ಲೇ ತಲೆ ಬಾಚಿಸಿಕೊಳ್ಳುತ್ತಿದ್ದರು. ತಲೆಗೆ ಮಡಿ ಇಲ್ಲ, ಅನ್ನಕ್ಕೆ ಮಡಿ. ಕೊನೆವರೆಗೂ ಹಾಗೇ ಇದ್ದರು, ಬದಲಾಗಲಿಲ್ಲ. ಬಾಚುವವರು ಬಾಚುತ್ತಲೇ ಇದ್ದರು. ನನಗೆ ಅದು ದೊಡ್ಡತನ ಅನ್ನಿಸಲಿಲ್ಲ, ಉರಿಯಿತು.

ಬೆಣ್ಣೆದೋಸೆ
ನಿಮ್ಮ ದೊಡ್ಡಮ್ಮ ಬಾಚುವವರೋ, ಬಾಚಿಸಿಕೊಳ್ಳುವವರೋ?

ಹಳೇಪೇಟೆ
ಬಾಚಿಸಿಕೊಳ್ಳುವವರು.

ನಿರ್ವಾಹಕ
ಜಾತಿ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ವಿಷಯಕ್ಕೆ ಬನ್ನಿ.

ಹೊಸೂರು ರೋಡ್
ನಮ್ಮ ಏರಿಯಾದಲ್ಲಿ 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಅವರ ವೃದ್ಧಾಶ್ರಮ ಇದೆ, ನೂರು ವರ್ಷಕ್ಕೂ ಹಳೆಯದು. ಆ ಸಂಸ್ಥೆ ಶುರುವಾದ ಕಥೆ ಈ ಚರ್ಚೆಗೆ ಸರಿಯಾಗಿ ಹೊಂದುತ್ತದೆ. 1839ರಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಅನ್ನುವ ಹೆಂಗಸು, ಅವರೇ ಬಡವರು, ಮನೆಗೆಲಸ ಮಾಡಿ ಬದುಕುತ್ತಿದ್ದವರು. ಚಳಿಗಾಲದಲ್ಲಿ ಕಣ್ಣಿಲ್ಲದ, ಕೈಕಾಲು ಬಾರದ ಒಬ್ಬ ಮುದುಕಿಯನ್ನು ಮನೆಗೆ ತಂದು ತಮ್ಮ ಮಂಚವನ್ನೇ ಕೊಟ್ಟರು. ತಾವು ಅಟ್ಟದ ಮೇಲೆ ಮಲಗಿದರು. ಆಮೇಲೆ ಬಂದ ಮುದುಕಿಯರು ಹೊಟ್ಟೆಗೆ ಭಿಕ್ಷೆ ಬೇಡುವವರಾಗಿದ್ದರು. "ನೀವು ಹೋಗಬೇಡಿ, ನಾನು ಹೋಗುತ್ತೇನೆ" ಅಂತ ಬುಟ್ಟಿ ತಗೊಂಡು ಅವರ ಬದಲಿಗೆ ಇವರೇ ಬೇಡೋಕೆ ಹೊರಟರು. ಈಗಲೂ ಆ ಸಿಸ್ಟರ್‌ಗಳು ಬೇಡಿ ತಂದದ್ದರಲ್ಲೇ ನಡೆಸುತ್ತಾರೆ.

ಅಂದರೆ ಇದ್ದವರು ಇಲ್ಲದವರಿಗೆ ಮಾಡಿದ್ದಲ್ಲ, ಇಲ್ಲದವರು ಇನ್ನೂ ಇಲ್ಲದವರಿಗೆ ಮಾಡಿದ್ದು. ತುಂಗಾತೀರ ಅವರ ಅತ್ತೆ ಮಾಡಿದ್ದೂ ಅದೇ ಅಲ್ವಾ.

ಹಳೇಪೇಟೆ
ಆ ಸಿಸ್ಟರ್ ತಾವಾಗಿ ಮಾಡಿದರು. ಇಲ್ಲಿ ಅತ್ತೆಗೆ 'ಬೇಡ' ಅನ್ನೋಕೆ ದಾರಿ ಇತ್ತಾ? ಉಚಿತವಾಗಿ ಇರುವವರು ಕೆಲಸ ಮಾಡಲ್ಲ ಅಂದರೆ ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ನಮ್ಮ ದೊಡ್ಡಮ್ಮನ ಕಡೆ ಕೈ ಆಡುವವರೆಲ್ಲ ಬೆಳಗ್ಗೆ ಆರಕ್ಕೆ ತರಕಾರಿ ಹೆಚ್ಚಬೇಕಿತ್ತು. 'ಸೇವೆ' ಅಂತ ಹೆಸರು.

ಶೆಟ್ರಂಗಡಿ
ಕೆಲವರಿಗೆ ತರಕಾರಿ ಹೆಚ್ಚುವುದೇ ಬೇಕಾಗಿರುತ್ತದೆ. ನಲವತ್ತು ವರ್ಷ ಅಡಿಗೆಮನೆ ಆಳಿದವರನ್ನು ಟಿವಿ ಮುಂದೆ ಕೂರಿಸಿದರೆ ಎರಡೇ ತಿಂಗಳಲ್ಲಿ ಮಂಕಾಗುತ್ತಾರೆ.

ಹಳೇಪೇಟೆ
ಬೇಕಾದವರು ಹೆಚ್ಚಲಿ. ಹಾಜರಿ ಯಾಕೆ ತಗೋತಾರೆ?

ನರ್ಸಕ್ಕ
ಇಬ್ಬರೂ ಸರಿ. ತುಂಗಾತೀರ, ಅತ್ತೆಯನ್ನು ಕೇಳಿದಿರಾ? ಮ್ಯಾನೇಜರನ್ನು ಕೇಳಿದಿರಿ, ನಮ್ಮನ್ನು ಕೇಳಿದಿರಿ.

ತುಂಗಾತೀರ
ಇಲ್ಲ. ಭಾನುವಾರ ಹೋಗುತ್ತೇನೆ.

ಮೈಸೂರ್ ಪಾಕ
ಹೋಗುವಾಗ ಬಾಳೆಹಣ್ಣು ಬೇಡ.

ತುಂಗಾತೀರ
ಹೋಗಿ ಬಂದೆ. ಬಸ್ಸಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಮೊದಲು ಹತ್ತು ನಿಮಿಷ ಮಾತೇ ಇಲ್ಲ. ಹೂವಿನ ಗಿಡದ ಹತ್ತಿರ ಕೂತಿದ್ದರು. ಚಕ್ಕುಲಿ ಕೊಟ್ಟೆ, ತಗೊಂಡು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ "ಮಾತ್ರೆ ಯಾವ್ದು ಯಾವ್ದು ಅಂತ ನಂಗೆ ತಿಳಿಯಲ್ಲ ಮಾರಾಯ, ನೀ ಏನ್ ಮಾಡಿ ಹಾಕಿದ್ಯೋ" ಅಂದರು.

ನನಗೆ ಅರ್ಥ ಆಗಲಿಲ್ಲ. ಕೆದಕಿ ಕೇಳಿದೆ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದು ವರ್ಷ ಆಗಿದೆಯಂತೆ. ಯಾರಿಗೂ ಹೇಳಿಲ್ಲ. ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡೂ ಬಿಳಿ, ಎರಡೂ ಸಣ್ಣವು. ಆ ಅಜ್ಜಿಯ ಕಣ್ಣು ಚೆನ್ನಾಗಿದೆ. ಬೆಳಗ್ಗೆ ಅತ್ತೆ ಮಾತ್ರೆ ಡಬ್ಬಿ ತೆಗೆದು ಅವರ ಹೊದಿಕೆ ಮೇಲೆ ಸುರಿಯುವುದು, ಅವರು ಎಡಗೈಯಲ್ಲಿ ಒಂದೊಂದೇ ಪಟ್ಟಿ ಸರಿಸಿ ಬೇರೆ ಮಾಡುವುದು. ತಿಂಡಿಗೆ ಮುಂಚಿನದ್ದು ಬಲಕ್ಕೆ, ಆಮೇಲಿನದ್ದು ಎಡಕ್ಕೆ. ಅತ್ತೆ ತಪ್ಪು ತಗೊಂಡರೆ ಮಣಿಕಟ್ಟಿಗೆ ಒಂದು ಏಟು. ಅತ್ತೆ ಮಣಿಕಟ್ಟು ತೋರಿಸಿದರು. "ಭಾರೀ ಜೋರು ಅವ್ಳು" ಅಂದರು.

ಬೇರೆ ಕೋಣೆಗೆ ಹಾಕಿದ ಮೇಲೆ ಒಂದು ದಿನ ಶುಗರ್ ಮಾತ್ರೆ ಎರಡು ಸಲ ತಗೊಂಡಿದ್ದಾರೆ. ಬೆವತು, ಕೈ ನಡುಗಿ, ಬಚ್ಚಲ ಹತ್ತಿರ ಕುಸಿದು ಕೂತಿದ್ದರಂತೆ. ಆಯಾ ಸಕ್ಕರೆ ನೀರು ಕುಡಿಸಿದ್ದಾಳೆ. ನನಗೆ ಯಾರೂ ಫೋನ್ ಮಾಡಲಿಲ್ಲ.

ತಿಂಗಳಿಗೊಮ್ಮೆ ಹೋಗಿ ಮುಖ ನೋಡಿ ಬರುತ್ತಿದ್ದೆ. ಅತ್ತೆ ನನ್ನನ್ನು ದನಿಯಲ್ಲಿ ಗುರುತು ಹಿಡಿಯುತ್ತಿದ್ದರು ಅಂತ ಈಗ ಹೊಳೆಯುತ್ತಿದೆ. ನಾನು ಮಾತಾಡುವ ತನಕ ಅವರು ನಗುತ್ತಿರಲಿಲ್ಲ.

ಕುಂದಾಪ್ರದವ
ಅಂಧಪಂಗು ನ್ಯಾಯ ಅಂತ ನಮ್ಮ ಸಂಸ್ಕೃತ ಮೇಷ್ಟ್ರು ಹೇಳುತ್ತಿದ್ದರು. ಕುರುಡನ ಹೆಗಲ ಮೇಲೆ ಕುಂಟ. ಪರೀಕ್ಷೆಗೆ ಬರೆದು ನಾಲ್ಕು ಮಾರ್ಕು ತಗೊಂಡಿದ್ದೆ. ಈಗ ಅರ್ಥ ಆಯ್ತು.

ಹಳೇಪೇಟೆ
ನಾನು ಮೊದಲು ಬರೆದದ್ದರಲ್ಲಿ ಅರ್ಧ ವಾಪಸ್ ತಗೋತೀನಿ. ಅರ್ಧ ಮಾತ್ರ. ಮಾತು ಬಾರದ ಅಜ್ಜಿ ಮಾತ್ರೆ ಆರಿಸಿ ಕೊಡಬೇಕಾದ ಪರಿಸ್ಥಿತಿ ಬಂದದ್ದು ಯಾಕೆ? ಮಾತ್ರೆ ಕೊಡುವುದು ಆಶ್ರಮದ ಕೆಲಸ.

ನರ್ಸಕ್ಕ
ಅದು ಖಂಡಿತ ಹೌದು. ಶುಗರ್ ಮಾತ್ರೆ ಎರಡು ಸಲ ಬಿದ್ದರೆ ಜೀವಕ್ಕೇ ಬರಬಹುದು. ಸೋಮವಾರವೇ ಮ್ಯಾನೇಜರಿಗೆ ಹೇಳಿ, ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಬೇರೆ ಡಬ್ಬಿ ಮಾಡಿ ಆಯಾ ಕೈಯಿಂದಲೇ ಕೊಡಲಿ. ಪಟ್ಟಿ ಕತ್ತರಿಸಿ ಇಟ್ಟರೆ ಹೆಸರು, ತಾರೀಖು ಎರಡೂ ಹೋಗುತ್ತದೆ, ಹಾಗೆ ಮಾಡಬೇಡಿ ಅನ್ನಿ.

ಪೊರೆಗೆ ತಡ ಮಾಡಬೇಡಿ. ಶಿವಮೊಗ್ಗದಲ್ಲಿ ತೀರ್ಥಹಳ್ಳಿ ರಸ್ತೆಯ ಶಂಕರ ಕಣ್ಣಿನ ಆಸ್ಪತ್ರೆಯವರು ಹಳ್ಳಿ ಕಡೆ ಶಿಬಿರ ಮಾಡಿ, ಬಡವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಪುಕ್ಕಟೆ ಆಪರೇಷನ್ ಮಾಡುತ್ತಾರೆ. ಎರಡೂ ಕಣ್ಣು ಒಟ್ಟಿಗೆ ಮಾಡುವುದಿಲ್ಲ, ಒಂದಾದ ಮೇಲೆ ಒಂದು. ಆಪರೇಷನ್‌ಗೆ ಮುಂಚೆ ಶುಗರ್ ಹತೋಟಿಗೆ ಬರಬೇಕು.

ಹೊಸೂರು ರೋಡ್
ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತಬಾರದು, ಬಗ್ಗಬಾರದು. ಅತ್ತೆ ಕೇಳಬೇಕಲ್ಲ.

ನ್ಯೂಜೆರ್ಸಿ ಕನ್ನಡಿಗ
ಒಬ್ಬ ಆಯಾ ಸಂಬಳ ಒಂದು ವರ್ಷ ನಾನು ಕೊಡುತ್ತೇನೆ. ಫೋಟೋ ಬೇಡ. ಯಾರ ಹತ್ತಿರ ಮಾತಾಡಬೇಕು ಹೇಳಿ.

ಶೆಟ್ರಂಗಡಿ
ಒಂದು ವರ್ಷ ಆದ ಮೇಲೆ ಆ ಆಯಾ ಗತಿ ಏನು ಅಂತಲೂ ಯೋಚನೆ ಮಾಡಿ. ವಿದೇಶದಿಂದ ಹಣ ಅಂದರೆ ಟ್ರಸ್ಟಿಗೆ ಬೇರೆ ಲೆಕ್ಕ, ಬೇರೆ ಅನುಮತಿ. ನಿಮ್ಮ ಹತ್ತಿರ ಯಾವ ಪಾಸ್‌ಪೋರ್ಟ್ ಇದೆ ಅನ್ನುವುದೂ ಬರುತ್ತದೆ. ಮೊದಲು ಅವರ ಆಡಿಟರ್ ಹತ್ತಿರ ಕೇಳಿಸಿ.

ಬೆಣ್ಣೆದೋಸೆ
ನೋಡಿ, ಕೊಡುತ್ತೇನೆ ಅಂತ ಮೊದಲನೆಯವರು ಬಂದರು, ನೀವೇ ಓಡಿಸುತ್ತಿದ್ದೀರಿ.

ತುಂಗಾತೀರ
ಎರಡು ವಾರದ ಸುದ್ದಿ.

ಮ್ಯಾನೇಜರ್ ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. ಗಂಟಲಿಗೆ ಸಿಕ್ಕಿ ಏನಾದರೂ ಆದರೆ ಯಾರು ಹೊಣೆ ಅಂತ. ನರ್ಸಕ್ಕ ಬರೆದದ್ದನ್ನು ಹಾಗೇ ಓದಿ ಹೇಳಿದೆ. ಚೀಟಿ ತೆಗೆದರು, ಬೇರೆ ಚೀಟಿ ಹಾಕಿದರು. ಆಯಾ ಹಾಲ್‌ನಲ್ಲಿದ್ದಾಗ, ನೇರ ಕೂರಿಸಿ, ಉಣಿಸಬಹುದು. ಎತ್ತುವಂತಿಲ್ಲ. ಮಾತ್ರೆ ಆಯಾ ಕೊಡುತ್ತಾಳೆ. ಹಾಗಿದ್ದರೂ ಅತ್ತೆ ಡಬ್ಬಿ ತಗೊಂಡು ಹೋಗಿ ಆ ಅಜ್ಜಿಗೆ ತೋರಿಸಿಯೇ ನುಂಗುವುದಂತೆ. ಆಯಾಗೆ ಬೇಜಾರು.

ಅಜ್ಜಿ ವಾಪಸ್ ಅದೇ ಕೋಣೆಗೆ ಬಂದರು, ಆದರೆ ಪಕ್ಕದ ಮಂಚ ಸಿಗಲಿಲ್ಲ. ನಡುವೆ ಚಿಕ್ಕಮಗಳೂರು ಕಡೆಯ ಇನ್ನೊಬ್ಬ ಅಜ್ಜಿ ಬಂದಿದ್ದಾರೆ, ಜಾಗ ಬಿಡಲ್ಲ ಅಂತ ಹಟ. ಕಿಟಕಿ ಪಕ್ಕ ಬೇಕಂತೆ. ಅತ್ತೆಗೂ ಅವರಿಗೂ ದಿನಾ ಮಾತಿಗೆ ಮಾತು. ಕಣ್ಣಿನ ಶಿಬಿರಕ್ಕೆ ಹೆಸರು ಬರೆಸಿದ್ದೇನೆ.

ನನ್ನ ಹತ್ತಿರ ಇನ್ನೂ ಪೂರ್ತಿ ಮಾತಿಲ್ಲ. ನಿನ್ನೆ ಅವರೇ ಫೋನ್ ಮಾಡಿದರು. "ಬರೋವಾಗ ಸಣ್ಣ ಚಮಚ ಒಂದ್ ಆರು ತಗಂಬಾ, ಸ್ಟೀಲಿಂದು" ಅಂದರು. ಆರು ಯಾಕೆ ಅಂದೆ. ಇಟ್ಟುಬಿಟ್ಟರು.

ನರ್ಸಕ್ಕ
ಅಂಚು ಚೂಪಿಲ್ಲದ್ದು ನೋಡಿ ತಗೊಳ್ಳಿ. ಬೆರಳಲ್ಲಿ ಸವರಿ ನೋಡಿ.

ಕುಂದಾಪ್ರದವ
ಆ ಕಿಟಕಿ ಅಜ್ಜಿಗೆ ಒಂದು ಸೋಪಿನ ಉಂಡೆ ಕೊಟ್ಟು ನೋಡಿ.

ಮೈಸೂರ್ ಪಾಕ
😄 ಬಾಳೆಹಣ್ಣು ಬೇಕಾದರೂ ಕೊಡಿ, ಶನಿವಾರದ್ದು ಮಿಕ್ಕಿರುತ್ತದೆ.